ರಂಗೂಬಾಯಿ ಗಾಡಿ ಚಾಲೂ ಮಾಡಿದ ಚಳಿಗಾಲ

ನಿಗಡಿಯ ಫ್ಲೈಓವರ್ ಇಳಿದ ಮೇಲೆ ಬಾಡಿಗೆ ಕಾರಿನ ಡ್ರೈವರ್ ಗಾಡಿಯನ್ನು ರಸ್ತೆಯ ಅಂಚಿಗೆ ತಂದು ನಿಲ್ಲಿಸಿದ. ಹಿಂದಕ್ಕೆ ತಿರುಗಿಯೂ ನೋಡದೆ, ಮರಾಠಿಯಲ್ಲಿ, ಇಳಿಯಿರಿ ಅಂದ. ಚಿಂಚವಡದ ಆಸ್ಪತ್ರೆ ಇನ್ನೂ ದೂರವಿತ್ತು. ಯಾಕೆ ಅಂತ ಕೇಳಲು ರಂಗೂಬಾಯಿ ಮುಂದಕ್ಕೆ ಬಾಗಿದರು. ಊರಿದ ಕೈಗೆ ಸೀಟಿನ ತೇವ ತಗಲಿತು. ಪಕ್ಕದಲ್ಲಿದ್ದ ಗಂಡ ಬಿಂದುಮಾಧವರು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಿದ್ದರು. ಲಕ್ವಾ ಹೊಡೆದು ಅವರ ಬಲಗೈ, ಬಲಗಾಲು ಸ್ವಾಧೀನ ತಪ್ಪಿದ್ದು, ಮಾತು ನಿಂತದ್ದು ಆ ಮಳೆಗಾಲದ ಆರಂಭದಲ್ಲಿ. ಈಗ ಎಡಗೈಯಲ್ಲಿ ಪಾಯಜಾಮದ ಬಟ್ಟೆಯನ್ನು ಬಿಗಿಯಾಗಿ ಮುಷ್ಟಿ ಹಿಡಿದು ಕೂತಿದ್ದರು, ಆದದ್ದನ್ನು ಮುಚ್ಚಿಡುವವರ ಹಾಗೆ.

ಸೀಟನ್ನು ತಮ್ಮ ಶಾಲಿನಲ್ಲೇ ಒರೆಸಿ ಕೊಡುತ್ತೇನೆ ಅಂದರು ರಂಗೂಬಾಯಿ. ಅವನು ಕೇಳಲಿಲ್ಲ. ಡಿಕ್ಕಿಯಿಂದ ಗಾಲಿ ಕುರ್ಚಿ ತೆಗೆದು ಫುಟ್‌ಪಾತಿನ ಮೇಲಿಟ್ಟ. ಬಾಗಿಲು ತೆರೆದು ಹಿಡಿದು ನಿಂತ. ಬೈಯಲಿಲ್ಲ, ಒರಟಾಗಿ ಒಂದು ಮಾತೂ ಆಡಲಿಲ್ಲ. ಅದೇ ರಂಗೂಬಾಯಿಗೆ ಹೆಚ್ಚು ಉರಿಯಿತು. ಗಂಡನನ್ನು ತಬ್ಬಿ ಹಿಡಿದು ಕುರ್ಚಿಗೆ ಕೂರಿಸುವಷ್ಟರಲ್ಲಿ ಅವರ ಸೆರಗು ಜಾರಿತ್ತು. ಬಸ್ ಸ್ಟಾಪಿನಲ್ಲಿದ್ದವರೆಲ್ಲ ನೋಡುತ್ತಿದ್ದರು. ಕಾರು ಹೊರಟುಹೋಯಿತು.

ಎದುರಿಗಿದ್ದ ಉಡುಪಿ ಹೋಟೆಲಿನ ಮಾಲೀಕ ಮೋಹನದಾಸ್ ಗಲ್ಲಾ ಬಿಟ್ಟು ಬಂದ. ಹಿಂದೆ ಎಂದೂ ಕಂಡವನಲ್ಲ. ರಂಗೂಬಾಯಿ ಗಂಡನಿಗೆ ಅಂದ ಗುಣುಗುಣು ಕನ್ನಡ ಕಿವಿಗೆ ಬಿದ್ದಿರಬೇಕು. "ಅಮ್ಮಾ, ಒಳಗೆ ಬನ್ನಿ. ಹಿಂದೆ ಬಚ್ಚಲು ಉಂಟು, ಬಿಸಿನೀರು ಉಂಟು," ಅಂದ. ತನ್ನದೇ ಒಂದು ಒಗೆದ ಪಂಚೆ ಕೊಟ್ಟ. ಬಿಂದುಮಾಧವರನ್ನು ತೊಳೆದು, ಪಂಚೆ ಉಡಿಸಿ, ತಲೆ ಬಾಚಿದ ಮೇಲೆ ರಂಗೂಬಾಯಿ ಅವರ ಮುಖ ನೋಡಿದರು. ಕಣ್ಣಿನಿಂದ ನೀರು ಇಳಿಯುತ್ತಿತ್ತು. ಇಷ್ಟು ವರ್ಷದ ಸಂಸಾರದಲ್ಲಿ ಆ ಮನುಷ್ಯ ಅತ್ತದ್ದನ್ನು ಅವರು ಕಂಡಿರಲಿಲ್ಲ.

"ಇನ್ನ ಮ್ಯಾಲೆ ಮಂದಿ ಗಾಡಿ ಹತ್ತೂದಿಲ್ಲರಿ ನಾವು," ಅಂದರು ರಂಗೂಬಾಯಿ. ಆ ಮಾತು ಬಾಯಿಂದ ಹೊರಬೀಳುವವರೆಗೆ ಅದರ ಅರ್ಥವೇನೆಂದು ಅವರಿಗೇ ಗೊತ್ತಿರಲಿಲ್ಲ.

ಅವರ ಮನೆ ದೇಹೂ ರೋಡಿನಲ್ಲಿ, ಹಳೆಯ ಮುಂಬಯಿ ಹೆದ್ದಾರಿಗೆ ಹತ್ತಿದ ಒಂದು ಸೊಸೈಟಿಯ ಕೆಳಮಹಡಿಯಲ್ಲಿ. ಬಿಂದುಮಾಧವರು ಅಲ್ಲಿಯ ಸೈನ್ಯದ ಉಗ್ರಾಣದಲ್ಲಿ ಸ್ಟೋರ್‌ಕೀಪರ್ ಆಗಿದ್ದವರು. ಉಗ್ರಾಣದವರು ಹಳೆಯ ವಾಹನಗಳನ್ನು ಲಿಲಾವು ಹಾಕಿದಾಗ ಒಂದು ಡೀಸೆಲ್ ಅಂಬಾಸಡರ್ ಹಿಡಿದು ಬಂದಿದ್ದರು. ಮಿಲಿಟರಿ ಹಸಿರನ್ನು ತಾವೇ ಕೆರೆದು ಬಿಳಿ ಬಣ್ಣ ಹೊಡೆಸಿದ್ದರು. ಬಾಗಿಲಿನ ಸಂದಿಯಲ್ಲಿ ಈಗಲೂ ಹಸಿರು ಇಣುಕುತ್ತದೆ. ಲಕ್ವಾ ಆದಂದಿನಿಂದ ಗಾಡಿ ಕಂಪೌಂಡಿನ ಮೂಲೆಯ ಗುಲ್‌ಮೊಹರದ ಕೆಳಗೆ ತಾಡಪತ್ರಿ ಹೊದ್ದು ನಿಂತಿತ್ತು.

ಆ ಗಾಡಿಗೆ ಬಿಂದುಮಾಧವರನ್ನು ಬಿಟ್ಟು ಯಾರೂ ಕೈ ಹಚ್ಚುವಂತಿರಲಿಲ್ಲ. ಡೀಸೆಲ್ ಎಂಜಿನ್ನಿಗೆ ಪೆಟ್ರೋಲ್ ಗಾಡಿಯ ಹಾಗೆ ಕಿಡಿ ಹಾರಿಸುವ ಏರ್ಪಾಡು ಇರುವುದಿಲ್ಲ. ಒಳಗಿನ ಗಾಳಿ ಕಾದರೆ ಮಾತ್ರ ಎಣ್ಣೆ ಹೊತ್ತಿಕೊಳ್ಳುತ್ತದೆ. ಅದಕ್ಕೇ ಚಳಿಯಲ್ಲಿ ಮೊದಲು ಹೀಟರ್ ಹಾಕಿ ಕಾಯಬೇಕು. ಬಿಂದುಮಾಧವರು ಹೀಟರ್ ಹಾಕಿದರೆಂದರೆ ಗಾಡಿಯೊಳಗೆ ಯಾರೂ ಉಸಿರೆತ್ತಬಾರದು. ತುಟಿಯೊಳಗೇ ಏನೋ ಅಂದುಕೊಳ್ಳುತ್ತ ಕೂತು, ಕೆಂಪು ದೀಪ ಹದಕ್ಕೆ ಬಂತು ಅನ್ನಿಸಿದ ಮೇಲೆ ಒಂದೇ ಸಲ ಕೀಲಿ ತಿರುವುತ್ತಿದ್ದರು. ಹೆಂಡತಿ ಬಾಜೂಕಿನ ಸೀಟಿನಲ್ಲಿ ತೊಡೆಯ ಮೇಲೆ ಡಬ್ಬಿ ಇಟ್ಟುಕೊಂಡು ನೋಡುತ್ತಿದ್ದರು.

ಒಮ್ಮೆ, ಕಾಲನಿಯ ಬಾಲವಾಡಿಯಲ್ಲಿ ಪಾಠ ಹೇಳುತ್ತಿದ್ದ ದಿನಗಳಲ್ಲಿ, ನನಗೂ ಕಲಿಸಿರಿ ಎಂದು ರಂಗೂಬಾಯಿ ಕೇಳಿದ್ದುಂಟು. "ಇದು ಹೆಣ್ಣಮಕ್ಕಳ ಕೈಗೆ ಬರೋ ಗಾಡಿ ಅಲ್ಲ. ಸ್ಟೇರಿಂಗ್ ಎಷ್ಟ ಬಿಗಿ ಅದ ನೋಡೀಯೇನು," ಅಂದಿದ್ದರು ಅವರು, ಸಿಟ್ಟಿಲ್ಲದೆ, ಇವತ್ತು ಬುಧವಾರ ಅಂದಷ್ಟೇ ಸಹಜವಾಗಿ. ರಂಗೂಬಾಯಿ ಮತ್ತೆ ಕೇಳಲಿಲ್ಲ. ಬೈಲಹೊಂಗಲದಲ್ಲಿ ಹುಡುಗಿಯಾಗಿದ್ದಾಗ ಅಣ್ಣನ ಸೈಕಲ್ ಹೊಡೆದು ಬೆನ್ನಿಗೆ ಏಟು ತಿಂದ ಹೆಣ್ಣು, ಮದುವೆಯಾದ ಮೇಲೆ ಹೀಗೆ ಒಂದೊಂದೇ ಕೇಳುವುದನ್ನು ಬಿಟ್ಟಿತ್ತು.

ಮಗಳು ಅನುಜಾ ಚಾಕಣದ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಳು. ಆ ಸಂಜೆ ಕಂಪನಿಯ ಬಸ್ಸಿಳಿದು ಮನೆಗೆ ಬಂದವಳಿಗೆ ರಂಗೂಬಾಯಿ ನಿಗಡಿಯಲ್ಲಾದದ್ದನ್ನು ಹೇಳಿದರು. ಆಮೇಲೆ, ಚಹಾ ಸೋಸುತ್ತ, "ನಾ ಅಪ್ಪಾರ ಗಾಡಿ ಕಲೀತೀನಿ," ಅಂದರು.

"ಆಯಿ, ನಿನಗ ಅರವತ್ತು ದಾಟ್ಯಾವ."

"ಗೊತ್ತದ. ಹುಟ್ಟಿದಾಕಿ ನಾನ ಅಲ್ಲೇನು."

"ಕಲೀಬೇಕಂದ್ರ ಒಂದು ಸಣ್ಣ ಗಾಡಿ ನೋಡೋಣ. ಗೇರ್ ಇಲ್ಲದ್ದು. ಇದು ಭಾಳ ಹಳೇದು."

"ಸಣ್ಣ ಗಾಡ್ಯಾಗ ಅವರ ಕಾಲು ಮಡಚಂಗಿಲ್ಲ. ಇದರ ಸೀಟು ಗಾಲಿ ಕುರ್ಚಿ ಎತ್ತರಕ್ಕ ಸರೀ ಬರ್ತದ, ಹಿಂಗ ಸರಿಸಿದ್ರ ಆತು. ಮಧ್ಯಾಹ್ನ ಗೇಣು ಹಾಕಿ ನೋಡಿ ಬಂದೇನಿ."

ಅನುಜಾ ತಾಯಿಯ ಮುಖವನ್ನೇ ನೋಡಿದಳು. ಅಳತೆಯವರೆಗೆ ಹೋಗಿದ್ದಾಳೆ ಅಂದಮೇಲೆ ಇನ್ನು ಮಾತಾಡಿ ಉಪಯೋಗವಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಮಾತಾಡಿದವನು ಮೈದುನ ಲೋಕನಾಥ. ಕೋಥರೂಡಿನಲ್ಲಿದ್ದ. ಅಣ್ಣನ ಮೇಲೆ ಅಂತಃಕರಣ ಇದ್ದವನೇ. ಆಸ್ಪತ್ರೆಯಲ್ಲಿ ದಿನಗಟ್ಟಲೆ ಕೂತವನು. ಆದರೆ ಅತ್ತಿಗೆ ಸ್ಟೇರಿಂಗ್ ಹಿಡಿಯುತ್ತಾರೆ ಅಂದಾಗ ಅವನಿಗೆ ಅದು ತಲೆಕೆಟ್ಟ ಮಾತಾಗಿ ಕೇಳಿತು. ಮುಂದಿನ ರವಿವಾರ ಗುಜರಿಯವನೊಬ್ಬನನ್ನು, ಎಳೆದೊಯ್ಯುವ ಗಾಡಿ ಸಹಿತ, ಕರೆದುಕೊಂಡೇ ಬಂದ.

"ಹಠಾ ಬ್ಯಾಡ ವೈನಿ. ಅದು ಚಾಲೂನ ಆಗೂದಿಲ್ಲ. ನಿಂತಲ್ಲೇ ಜಂಗು ಹಿಡಿದು ಹೋಗ್ತದ."

"ಆಗ್ತದ."

"ಹಂಗಾರ ಚಾಲೂ ಮಾಡಿ ತೋರಸ್ರಿ. ಈಗಿಂದೀಗ ಇವರನ್ನ ವಾಪಸ್ ಕಳಸ್ತೀನಿ."

ರಂಗೂಬಾಯಿ ಒಳಗೆ ಹೋಗಿ ಕೀಲಿ ತಂದರು. ತಾಡಪತ್ರಿ ಸರಿಸಿ ಒಳಗೆ ಕೂತರು. ಗ್ಯಾಲರಿಗಳಲ್ಲಿ ಒಗೆದ ಬಟ್ಟೆ ಹರವುತ್ತಿದ್ದವರು ಬಗ್ಗಿ ನೋಡುತ್ತಿದ್ದರು. ಹೀಟರ್ ಹಾಕಿದರೆ ದೀಪ ಹತ್ತಲಿಲ್ಲ. ಕೀಲಿ ತಿರುವಿದರೆ ಎಲ್ಲೋ ಒಳಗೆ ಟಕ್ ಎಂದದ್ದು ಬಿಟ್ಟರೆ ಏನೂ ಇಲ್ಲ. ಮತ್ತೊಮ್ಮೆ ತಿರುವಿದರು. ಟಕ್. ಮೇಲಿನಿಂದ ಯಾರೋ ಕಿಸಕ್ಕನೆ ನಕ್ಕರು.

"ಆತಲ್ಲ," ಅಂದ ಲೋಕನಾಥ, ಮೆತ್ತಗೆ.

ರಂಗೂಬಾಯಿ ಇಳಿದು ಬಾಗಿಲು ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. "ಚಾಲೂ ಆಗಲಿಲ್ಲ, ಖರೆ. ಮಾರೂದಂತೂ ಇಲ್ಲ."

"ಮತ್ತ ಶರ್ತು ಆಗಿತ್ತಲ್ಲ?"

"ಶರ್ತು ನೀ ಕಟ್ಟಿದಿ. ನಾ ಯಾವಾಗ ಹೂಂ ಅಂದೆ?"

ಗುಜರಿಯವನು ಒಬ್ಬರ ಮುಖ ಬಿಟ್ಟು ಒಬ್ಬರ ಮುಖ ನೋಡಿದ. ಲೋಕನಾಥನಿಗೆ ಸಿಟ್ಟು ಬಂತು. "ಅದು ಅಣ್ಣಾನ ಗಾಡಿ, ವೈನಿ."

"ಹೌದು. ಅಣ್ಣ ಒಳಗ ಕೂತಾನ. ಹೋಗಿ ಕೇಳು."

ಕೇಳಿದ. ಬಿಂದುಮಾಧವರ ಬಾಯಿಂದ ಆಗ ಬರುತ್ತಿದ್ದದ್ದು ಎರಡೇ ಸದ್ದು. ಒಪ್ಪಿದರೆ 'ಹಾಂ', ಒಪ್ಪದಿದ್ದರೆ ನಾಲಿಗೆಯಿಂದ 'ತ್ಚ್'. ತಮ್ಮ ಮಾರುವ ಮಾತೆತ್ತಿದಾಗ ತ್ಚ್ ಅಂದರು. ಲೋಕನಾಥ ಸೋತು, "ಹಂಗಾರ ವೈನಿ ಓಡಸ್ತಾರಂತ, ನಡೀತದೇನು?" ಅಂದ. ಅದಕ್ಕೂ ತ್ಚ್ ಅಂದರು, ಮೊದಲಿಗಿಂತ ಜೋರಾಗಿ. ರಂಗೂಬಾಯಿ ಬಾಗಿಲಲ್ಲಿ ನಿಂತು ಎರಡನ್ನೂ ಕೇಳಿಸಿಕೊಂಡರು. ಮೊದಲನೆಯದನ್ನು ಇಟ್ಟುಕೊಂಡರು, ಎರಡನೆಯದನ್ನು ಬಿಟ್ಟರು.

ಅದೇ ಸೊಸೈಟಿಯ ಹಿಂದಿನ ಕಟ್ಟಡದಲ್ಲಿ ಮುನಿಸ್ವಾಮಿ ಎಂಬವರಿದ್ದರು. ಕೋಲಾರದ ಕಡೆಯವರು, ಸೈನ್ಯದಲ್ಲಿ ಟ್ರಕ್ ಓಡಿಸಿ ನಿವೃತ್ತರಾದವರು. ರಂಗೂಬಾಯಿ ಅವರ ಮನೆಗೆ ಹೋಗಿ, ನೀರು ಕೂಡ ಕುಡಿಯದೆ, ನನಗೆ ಗಾಡಿ ಕಲಿಸುತ್ತೀರಾ ಅಂತ ಕೇಳಿದರು. ಮುನಿಸ್ವಾಮಿ ನಗಲಿಲ್ಲ. "ಕಲಿಸ್ತೀನಿ ಅಕ್ಕಾ. ಆದ್ರೆ ನಾನು ಬೈತೀನಿ. ಬೈಯದೆ ಕಲಿಸೋಕೆ ನನಗೆ ಬರಲ್ಲ," ಅಂದರು.

"ಬೈರಿ. ಬಾಲವಾಡ್ಯಾಗ ನಾನೂ ಬೈದೇನಿ."

ಹೊಸ ಬ್ಯಾಟರಿ ಬಂತು. ಚಿಂಚವಡದ ಮೆಕ್ಯಾನಿಕ್ ಸುಟ್ಟ ಹೀಟರ್ ಪ್ಲಗ್ಗು ಬದಲಿಸಿ, ಡೀಸೆಲ್ ಪೈಪಿನಲ್ಲಿ ಹಿಡಿದಿದ್ದ ಗಾಳಿ ತೆಗೆದ. ಗಾಡಿ ಕೆಮ್ಮಿ, ಉಗುಳಿ, ಕೊನೆಗೂ ಹೊರಟಿತು. ಕಲಿಯುವವರ ಪರವಾನಗಿ ತೆಗೆಸಿ, ಹಿಂದೆ ಮುಂದೆ ಕೆಂಪು ಎಲ್ ಹಚ್ಚಿಕೊಂಡು, ದಸರೆಯಿಂದ ದಿನಾ ಬೆಳಿಗ್ಗೆ ಖಾಲಿ ರಸ್ತೆಯಲ್ಲಿ ಪಾಠ ನಡೆಯಿತು. ಸ್ಟೇರಿಂಗ್ ಖರೆಯೇ ಬಿಗಿಯಿತ್ತು. ಮೊದಲ ವಾರ ರಾತ್ರಿ ರಟ್ಟೆ ಎತ್ತಲಾಗದೆ ರಂಗೂಬಾಯಿ ಎಡಗೈಯಲ್ಲಿ ಉಂಡರು. ಮುನಿಸ್ವಾಮಿ ಹೇಳಿದ ಮಾತಿಗೆ ತಪ್ಪದೆ ಬೈದರು. ಒಮ್ಮೆ ಹಾಲಿನ ಗಾಡಿಯೊಂದರ ಬೆನ್ನಿಗೆ ಹೋಗಿ ನಿಂತಾಗ ತಮಿಳಿನಲ್ಲೂ ಬೈದರು. ಪರೀಕ್ಷೆಯ ದಿನ ಸಾಲಿನಲ್ಲಿದ್ದ ಹುಡುಗರು ಇವರನ್ನು ಯಾರನ್ನೋ ಬಿಡಲು ಬಂದ ಅಜ್ಜಿ ಅಂದುಕೊಂಡಿದ್ದರು. ರಂಗೂಬಾಯಿ ಇಳಿಜಾರಿನಲ್ಲಿ ನಿಲ್ಲಿಸಿ ಹಿಂದೆ ಜಾರದೆ ಮುಂದೆ ಎತ್ತಿ ತೋರಿಸಿದರು. ಪಾಸಾದರು.

ಈ ಎಲ್ಲ ದಿನ ಬಿಂದುಮಾಧವರು ಕಿಟಕಿಯ ಹತ್ತಿರ ಕುರ್ಚಿ ಹಾಕಿಸಿಕೊಂಡು ನೋಡುತ್ತಿದ್ದರು. ಗೇರು ಕರ್ ಎಂದಾಗಲೆಲ್ಲ ಅವರ ಎಡಗೈ ಕುರ್ಚಿಯ ಹಿಡಿಯನ್ನು ಗುದ್ದುತ್ತಿತ್ತು.

ಅಲ್ಲಿಯವರೆಗೆ ಮನೆಯಲ್ಲೇ ಕೈಕಾಲು ಆಡಿಸಿ ದಿನ ದೂಡಿದ್ದರು. ಡಿಸೆಂಬರಿನಲ್ಲಿ ವಾರಕ್ಕೆ ಮೂರು ಸಲ ಗಂಡನನ್ನು ವ್ಯಾಯಾಮಕ್ಕೆ, ಮಾತಿನ ಪಾಠಕ್ಕೆ ಚಿಂಚವಡಕ್ಕೆ ಕರೆದೊಯ್ಯತೊಡಗಿದರು, ಬಾಜೂಕಿಗೆ ಮುನಿಸ್ವಾಮಿಯ ಬದಲು ಬಿಂದುಮಾಧವರು. ಎರಡು ವಾರ ಎಲ್ಲ ಸುಸೂತ್ರವಾಯಿತು. ಆಮೇಲೆ ಚಳಿ ಬಿತ್ತು.

ದೇಹೂ ರೋಡಿನ ಚಳಿ ಪುಣೆಯ ಪೇಟೆಯ ಚಳಿಯಲ್ಲ. ಸುತ್ತ ಬಯಲು, ಆಚೆ ಗುಡ್ಡ. ಗಾಳಿಗೆ ತಡೆಯೇ ಇಲ್ಲ. ಆ ವರ್ಷ ಬೆಳಿಗ್ಗೆ ಕಾರುಗಳ ಗಾಜಿನ ಮೇಲೆ ಇಬ್ಬನಿ ದಪ್ಪಗೆ ಕೂತು, ಹೊತ್ತೇರಿದರೂ ಇಳಿಯುತ್ತಿರಲಿಲ್ಲ. ಮುನಿಸ್ವಾಮಿ ಮಾತ್ರ ಸ್ವೆಟರಿಲ್ಲದೆ ಓಡಾಡುತ್ತ, "ಇದೂ ಒಂದು ಚಳೀನಾ? ಲೇಹದ ಹಿಮದಲ್ಲಿ ನಾವು ಎಂಜಿನ್ ಅಡಿಗೆ ಬೆಂಕಿ ಹಾಕ್ತಿದ್ವಿ," ಅನ್ನುತ್ತಿದ್ದರು. ಆದರೆ ಮುದಿ ಎಂಜಿನ್ನಿಗೆ ಅಷ್ಟು ಚಳಿಯೇ ಸಾಕಾಯಿತು. ಒಂದು ಬೆಳಿಗ್ಗೆ ಕೀಲಿ ತಿರುವಿದರೆ ಘರ್... ಘರ್... ಎಂದು ನಿದ್ದೆಗಣ್ಣಿನಲ್ಲಿ ಹೊರಳಿದ ಹಾಗೆ ಎರಡು ಸುತ್ತು ಸುತ್ತಿ ನಿಂತಿತು. ಬಿಳಿ ಹೊಗೆ ಮಾತ್ರ ಕಂಪೌಂಡ್ ತುಂಬ ಹಬ್ಬಿತು. ಮತ್ತೆ ತಿರುವಿದರು, ಮತ್ತೆ ಹೊಗೆ. ಬ್ಯಾಟರಿ ಇಳಿದುಹೋಯಿತು. ಆ ದಿನದ ಪಾಠ ತಪ್ಪಿತು. ಎರಡು ದಿನ ಬಿಟ್ಟು ಮತ್ತೂ ಹಾಗೇ ಆಯಿತು.

ಸುದ್ದಿ ಕೋಥರೂಡಿಗೆ ಹೇಗೆ ಮುಟ್ಟಿತೋ, ಲೋಕನಾಥ ಫೋನ್ ಮಾಡಿದ. "ನಾ ಹೇಳಿರಲಿಲ್ಲೇನು ವೈನಿ. ಥಂಡಿ ಮುಗಿಯೋತನಕರೆ ಬಿಟ್ಟುಬಿಡ್ರಿ."

"ಥಂಡಿ ಮುಗಿಯೋತನಕ ಅವರ ಕೈ ಕಾಯ್ತದೇನು?" ಅಂದು ರಂಗೂಬಾಯಿ ಫೋನ್ ಇಟ್ಟರು. ಮೊದಲ ವರ್ಷದಲ್ಲಿ ಎಷ್ಟು ಚೇತರಿಕೆ ಆಗುತ್ತದೋ ಅದೇ ದೊಡ್ಡದು ಎಂದು ಡಾಕ್ಟರರು ಹೇಳಿದ್ದು ಅವರ ತಲೆಯಲ್ಲಿ ಕೊರೆಯುತ್ತಿತ್ತು.

ಮೇಲಿನ ಮನೆಯ ಸುರಭಿಯೂ ಇಳಿದು ಬಂದಳು, ತೋಳಿನಲ್ಲಿ ಹಸುಗೂಸು. ಆಜಿ, ನಿಮ್ಮ ಹೊಗೆ ನೇರ ನಮ್ಮ ಕಿಟಕಿಗೇ ಬರುತ್ತದೆ, ಮಗು ಕೆಮ್ಮುತ್ತದೆ ಅಂದಳು ಮರಾಠಿಯಲ್ಲಿ. ಆ ಚಳಿಗಾಲದಲ್ಲಿ ರಂಗೂಬಾಯಿ ಸೋತುಕೊಟ್ಟದ್ದು ಅದೊಂದು ಮಾತಿಗೆ. ಅದೇ ಸಂಜೆ ಮುನಿಸ್ವಾಮಿಯ ಕೈಯಲ್ಲಿ ಗಾಡಿಯನ್ನು ದೂಡಿಸಿ, ಯಾರ ಕಿಟಕಿಯೂ ಇಲ್ಲದ ಹೊರಗೋಡೆಯ ಹತ್ತಿರ, ಬೆನ್ನು ರಸ್ತೆಯ ಕಡೆಗೆ ಮಾಡಿ ನಿಲ್ಲಿಸಿದರು.

ಆಮೇಲೆ ಅವರು ಚಳಿಯ ಜೊತೆ ಜಗಳಕ್ಕೆ ನಿಂತರು. ಬ್ಯಾಟರಿ ತಣ್ಣಗಾದರೆ ಅರ್ಧ ಶಕ್ತಿ ಹೋಗುತ್ತದೆ ಎಂದು ಮೆಕ್ಯಾನಿಕ್ ಅಂದಿದ್ದ. ಸರಿ, ಸಂಜೆಯಾದರೆ ಪಾನಾ ಹಿಡಿದು ಬ್ಯಾಟರಿ ಬಿಚ್ಚಿ, ಗ್ಯಾಸ್ ಸಿಲಿಂಡರಿನ ಗಾಲಿಮಣೆಯ ಮೇಲೆ ಇಟ್ಟು ಎಳೆದುಕೊಂಡು ಬಂದು, ಅಡುಗೆಮನೆಯಲ್ಲಿ ಒಲೆಯ ಕಟ್ಟೆಯ ಕೆಳಗೆ ಇಡತೊಡಗಿದರು. ರೇಡಿಯೇಟರಿನ ನೀರನ್ನು ಸಂಜೆಯೇ ಬಸಿದು, ಬೆಳಿಗ್ಗೆ ಗೀಝರಿನ ನೀರು ತುಂಬಿದರೆ ಎಂಜಿನ್ ಮೈ ಬೆಚ್ಚಗಾಗುತ್ತದಲ್ಲ ಎಂದು ಅವರಿಗೆ ತಾವಾಗಿಯೇ ಹೊಳೆಯಿತು.

"ಕುದಿಯೋ ನೀರು ಹಾಕಿಬಿಟ್ಟೀರಾ ಅಕ್ಕಾ. ಎಂಜಿನ್ ಸೀಳಿಹೋಗುತ್ತೆ," ಅಂದರು ಮುನಿಸ್ವಾಮಿ ಗಾಬರಿಯಾಗಿ.

"ಕೂಸಿಗೆ ಎರಿಯೋ ಹದದ್ದು ಹಾಕ್ತೀನಿ."

ಕೊನೆಗೆ ಎಂಜಿನ್ನಿಗೆ ಹೊದಿಸಲು ಏನಾದರೂ ದಪ್ಪನೆಯದು ಬೇಕಾಯಿತು. ಟ್ರಂಕಿನಲ್ಲಿ ಅವರ ತಾಯಿ ಹೊಲಿದ ಕೌದಿ ಇತ್ತು, ಹಳೆಯ ಇಳಕಲ್ ಸೀರೆಗಳ ತುಂಡು ಕೂಡಿಸಿ ಹೊಲಿದದ್ದು. ಅದನ್ನು ತೆಗೆದು ಹೊರಟಾಗ ಬಿಂದುಮಾಧವರು ತ್ಚ್, ತ್ಚ್ ಅಂದರು. ಎಣ್ಣೆಯ ಕೊಳಕಿಗೆ ಕೌದಿಯೇ ಎಂಬುದು ಅದರ ಅರ್ಥ.

"ಟ್ರಂಕಿನ್ಯಾಗ ಇಟ್ಟರ ಯಾರಿಗೆ ಬೆಚ್ಚಗಾಗ್ತದರಿ," ಅಂದು ರಂಗೂಬಾಯಿ ನಡೆದೇಬಿಟ್ಟರು.

ಸಂಕ್ರಾಂತಿಗೆ ಎರಡು ದಿನವಿರುವಾಗ ಆ ವರ್ಷದ ಎಲ್ಲಕ್ಕಿಂತ ಕೆಟ್ಟ ಚಳಿ ಬಿತ್ತು. ಅನುಜಾ ಬೆಳಿಗ್ಗೆ ಬಸ್ಸಿಗೆ ಹೊರಟವಳು ಬಾಗಿಲಲ್ಲಿ ನಿಂತು, "ಆಯಿ, ಇವತ್ತ ಬಿಡು. ಕೈ ನೋಡು, ನೀಲಿ ಆಗ್ಯಾವ," ಅಂದಳು. ತಾಯಿ ಆಗಲೇ ಬ್ಯಾಟರಿ ಎಳೆದುಕೊಂಡು ಹೊರಟಿದ್ದರು. ಅನುಜಾ ತನ್ನ ಉಣ್ಣೆಯ ಕೈಗವಸು ಬಿಚ್ಚಿ ತಾಯಿಯ ಕೈಗೆ ತೊಡಿಸಿ ಗೇಟಿನ ಕಡೆ ನಡೆದಳು.

ಬ್ಯಾಟರಿ ಕೂಡಿಸಿದ್ದಾಯಿತು, ಬಿಸಿನೀರು ತುಂಬಿದ್ದಾಯಿತು, ಕೌದಿ ತೆಗೆದದ್ದಾಯಿತು. ಆಮೇಲೆ ರಂಗೂಬಾಯಿ ಒಳಗೆ ಹೋಗಿ ಗಂಡನಿಗೆ ಸ್ವೆಟರು, ಕಿವಿಟೋಪಿ ಹಾಕಿ, ಕುರ್ಚಿ ದೂಡಿಕೊಂಡು ಬಂದರು. ಮುನಿಸ್ವಾಮಿ ಹಾಲು ತರಲು ಹೊರಟವರು ಅಲ್ಲೇ ನಿಂತರು.

"ಅಕ್ಕಾ, ಮೊದಲು ಗಾಡಿ ಚಾಲೂ ಆಗ್ಲಿ. ಆಮೇಲೆ ಅವರನ್ನ ಕೂರಿಸೋಣ. ಇಲ್ಲಾಂದ್ರೆ ನಾಲ್ಕು ಜನ ಸೇರಿ ದೂಡೋಣ."

"ದೂಡೂದು ಬ್ಯಾಡ. ದಿನಾ ದೂಡವರನ್ನ ಎಲ್ಲಿಂದ ತರ್ಲಿ? ಮೊದಲ ಚಾಲೂ ಮಾಡಿದ್ರ, ಇವರನ್ನ ಕೂಡ್ರಸೋತನಕ ಅದು ಉರಕೋತ ಇರ್ತದಂತ ಏನ್ ಗ್ಯಾರಂಟಿ? ಕೂಡ್ರಸ್ರಿ. ಚಾಲೂ ಆದ್ರ ಇಬ್ಬರೂ ಕೂಡೇ ಹೋಗ್ತೀವಿ, ಇಲ್ಲಂದ್ರ ಇಬ್ಬರೂ ಇಲ್ಲೇ ಕೂಡ್ತೀವಿ."

ಬಿಂದುಮಾಧವರನ್ನು ಸೀಟಿಗೆ ಸರಿಸಿದರು. ರಂಗೂಬಾಯಿ ಸುತ್ತಿ ಬಂದು ಬಲಗಡೆ ಕೂತು ಬಾಗಿಲು ಹಾಕಿಕೊಂಡರು. ಗಾಡಿಯೊಳಗೆ ಇಬ್ಬರ ಉಸಿರೂ ಹೊಗೆಯಾಗಿ ಕಾಣುತ್ತಿತ್ತು. ಹೀಟರ್ ಹಾಕಿದರು. ಕೆಂಪು ದೀಪ ಮೆಲ್ಲಗೆ ಕಣ್ಣು ಬಿಟ್ಟಿತು. ಅವರು ಕೀಲಿಯತ್ತ ಕೈ ಒಯ್ದದ್ದೇ ತಡ, ಬಿಂದುಮಾಧವರ ಎಡಗೈ ಅಡ್ಡ ಚಾಚಿ ಬಂದು ಅವರ ಮಣಿಕಟ್ಟು ಹಿಡಿಯಿತು. ಇನ್ನೂ ಕಾಯಬೇಕು ಎಂಬಂತೆ. ಕಾದರು. ಕೈ ಸಡಿಲಾಯಿತು. ಆಗ ರಂಗೂಬಾಯಿ ಕೀಲಿ ತಿರುವಲಿಲ್ಲ. ಹೀಟರ್ ಆರಿಸಿ, ಮತ್ತೆ ಹಾಕಿದರು. ಇಂಥ ಚಳಿಗೆ ಒಂದು ಸಲದ ಬಿಸಿ ಸಾಲುವುದಿಲ್ಲ ಎಂಬುದನ್ನು ಅವರು ಸೋತ ದಿನಗಳಲ್ಲಿ ಕಂಡುಕೊಂಡಿದ್ದರು. ಬಿಂದುಮಾಧವರ ಪದ್ಧತಿಯಲ್ಲಿ ಅದು ಇರಲಿಲ್ಲ. ತ್ಚ್ ಅಂದರು. ಮತ್ತೆ ಕೈ ಚಾಚಿದರು, ಈ ಸಲ ಕೀಲಿಗೇ.

ರಂಗೂಬಾಯಿ ಆ ಕೈಯನ್ನು ಎತ್ತಿ ಅವರ ತೊಡೆಯ ಮೇಲೆ ಇಟ್ಟರು.

"ಸುಮ್ನ ಕೂಡ್ರಿ. ಇಷ್ಟು ವರ್ಷ ಬಾಜೂಕ ನಾ ಸುಮ್ನ ಕೂತಿದ್ದೆ. ಈಗ ನೀವು ಕೂಡ್ರಿ."

ದನಿ ಏರಿರಲಿಲ್ಲ. ಹೊರಗೆ ನಿಂತ ಮುನಿಸ್ವಾಮಿ ಕೇಳಿಯೂ ಕೇಳದವರಂತೆ ಹಾಲಿನ ಪಾತ್ರೆಯ ಮುಚ್ಚಳ ನೋಡತೊಡಗಿದರು. ಬಿಂದುಮಾಧವರು ಹೆಂಡತಿಯ ಕಡೆ ತಿರುಗಿದರು. ಆ ನೋಟದಲ್ಲಿ ಸಿಟ್ಟಿತ್ತು. ಅದರ ಹಿಂದೆ ಇನ್ನೇನೋ ಇತ್ತು. ಅದನ್ನು ನೋಡುತ್ತ ಕೂರುವ ಪುರಸೊತ್ತು ರಂಗೂಬಾಯಿಗೆ ಇರಲಿಲ್ಲ.

ಕೀಲಿ ತಿರುವಿದರು. ಘರ್... ಘರ್... ಘರ್. ಬಿಳಿ ಹೊಗೆ. ನಿಂತಿತು.

ಉಸಿರು ಬಿಟ್ಟು, ಮತ್ತೆ ಹೀಟರ್ ಹಾಕಿ, ಈ ಸಲ ಎಕ್ಸಲರೇಟರನ್ನು ತಳಕ್ಕೆ ಒತ್ತಿ ಹಿಡಿದು ತಿರುವಿದರು. ಅದೂ ಪದ್ಧತಿಯಲ್ಲಿ ಇರಲಿಲ್ಲ. ಘರ್... ಘರ್... ಒಂದು ಸಿಲಿಂಡರ್ ಎಲ್ಲೋ ಧಡ್ ಎಂದಿತು. ಗಾಡಿಯ ಮೈ ಪೂರಾ ಅಲುಗಿತು. ಬಿಂದುಮಾಧವರಾಗಿದ್ದರೆ ಇಲ್ಲಿ ಕೀಲಿ ಬಿಟ್ಟುಬಿಡುತ್ತಿದ್ದರು. ರಂಗೂಬಾಯಿ ಬಿಡಲಿಲ್ಲ. ಧಡ್, ಘರ್, ಧಡ್ ಧಡ್. ಹಲ್ಲು ಕಚ್ಚಿ ಹಿಡಿದೇ ಇದ್ದರು. ಬ್ಯಾಟರಿಯ ಕೊನೆಯ ಉಸಿರು ಹೋಗುವುದರೊಳಗೆ ಮತ್ತೊಂದು ಸಿಲಿಂಡರ್ ಕೂಡಿತು, ಇನ್ನೊಂದು ಕೂಡಿತು. ಎಂಜಿನ್ ಒಮ್ಮೆಲೇ ಸ್ವಂತ ಬಲದ ಮೇಲೆ ಎದ್ದು ಗಡಗಡ ಉರಿಯತೊಡಗಿತು. ಆಗ ಕೀಲಿ ಬಿಟ್ಟರು. ಹೊಗೆ ಗೋಡೆಯಾಚೆ ರಸ್ತೆಗೆ ಹೋಯಿತು. ಮುನಿಸ್ವಾಮಿ ಎರಡೂ ಕೈ ಎತ್ತಿದ್ದರು, ಪಾತ್ರೆ ಒಂದು ಕೈಯಲ್ಲಿ ಇದ್ದಂತೆಯೇ.

ಬಿಂದುಮಾಧವರು ಎಡಗೈಯನ್ನು ಡ್ಯಾಶ್‌ಬೋರ್ಡಿನ ಮೇಲೆ ಅಂಗಾತ ಒತ್ತಿ, ನಡುಕವನ್ನು ಕೈಯಲ್ಲಿ ತಗೊಂಡರು. ಆಮೇಲೆ ಬಗ್ಗಿ ಹೆಂಡತಿಯ ಪಾದದ ಕಡೆ ನೋಡಿದರು. ಪೆಡಲ್ ಎಷ್ಟು ಒತ್ತಿದ್ದಾಳೆ ಎಂದು. ನೋಡಿ, "ಹಾಂ," ಅಂದರು.

ಹೆದ್ದಾರಿಯಲ್ಲಿ ರಂಗೂಬಾಯಿ ಎಡಗಡೆ ಹಿಡಿದು ನಡೆದರು. ಹಿಂದಿನವರು ಹಾರ್ನ್ ಹೊಡೆದರು. ಒಬ್ಬ ಬೈಕಿನವನು ಪಕ್ಕಕ್ಕೆ ಬಂದು ಒಳಗೆ ಇಣುಕಿ ಏನೋ ಅಂದು ಹೋದ. ಅವಸರವಿದ್ದವರು ದಾಟಿ ಹೋಗಲಿ ಅಂದುಕೊಂಡು ಅವರು ಕನ್ನಡಿಯನ್ನು ನೋಡುವಷ್ಟು ನೋಡಿ, ಮುಂದೆ ನೋಡಿದರು. ನಿಗಡಿಯಲ್ಲಿ ಸಿಗ್ನಲ್ ಬಿದ್ದಾಗ ಎಂಜಿನ್ ಎಲ್ಲಿ ನಿಲ್ಲುತ್ತದೋ ಎಂದು ಕಾಲು ಪೆಡಲಿನಿಂದ ಎತ್ತಲಿಲ್ಲ.

ಆಸ್ಪತ್ರೆಯ ಅಂಗಳದಲ್ಲಿ ಕಾವಲುಗಾರ ಬಂದು, "ಆಜಿ, ಗಾಡಿ ಬಂದ್ ಕರಾ," ಅಂದ.

"ಬಂದ್ ಹೋಣಾರ್ ನಾಹೀ," ಅಂದರು ರಂಗೂಬಾಯಿ. ಇವತ್ತು ಇದು ಬಂದ್ ಆಗುವುದಿಲ್ಲ. ಅವನು ನಿಯಮ ಹೇಳಿದ. ಇವರು ನಿಯಮ ಸರಿ ಅಂದರು, ಆದರೆ ಕೀಲಿಗೆ ಕೈ ಹಚ್ಚಲಿಲ್ಲ. ಒಮ್ಮೆ ಕಾದ ಎಂಜಿನ್ ಮತ್ತೆ ಸುಲಭವಾಗಿ ಚಾಲೂ ಆಗುತ್ತದೆ ಎಂದು ಮುನಿಸ್ವಾಮಿ ನೂರು ಸಲ ಹೇಳಿದ್ದರು. ಆ ದಿನ ರಂಗೂಬಾಯಿ ದೇವರನ್ನೂ ನಂಬುವ ಮನಸ್ಥಿತಿಯಲ್ಲಿರಲಿಲ್ಲ. ಕೊನೆಗೆ ಕಾವಲುಗಾರನೇ ಗೊಣಗುತ್ತ 'ಲವಕರ್ ಯಾ', ಬೇಗ ಬನ್ನಿ, ಅಂದು ಗಾಡಿಯ ಹತ್ತಿರ ನಿಂತ. ಪಾಠ ಮುಗಿಸಿ ಬಂದಾಗ ಬಾನೆಟ್ಟಿನ ಮೇಲೆ ಎರಡೂ ಅಂಗೈ ಇಟ್ಟು ಕಾಯಿಸಿಕೊಳ್ಳುತ್ತಿದ್ದ.

ಮರಳಿ ಬರುವಾಗ ಬಿಸಿಲು ಬಿದ್ದಿತ್ತು. ದೇಹೂ ರೋಡು ಬಂತು, ಸೊಸೈಟಿಯ ಗೇಟು ಕಂಡಿತು. ರಂಗೂಬಾಯಿ ಇಂಡಿಕೇಟರ್ ಹಾಕಲಿಲ್ಲ. ಗೇಟನ್ನು ಎಡಕ್ಕೆ ಬಿಟ್ಟು ನೇರ ಹೋದರು. ಬಿಂದುಮಾಧವರು ಗೇಟಿನ ಕಡೆ ಕೈ ತೋರಿಸಿ ತ್ಚ್ ಅಂದರು.

"ನೋಡೇನ್ರಿ, ಗೇಟು ಹೋತು. ಡೀಸೆಲ್ ಅದ. ಕೂಡ್ರಿ."

ಎಲ್ಲಿಗೆ ಎಂದು ಅವರಿಗೂ ಗೊತ್ತಿರಲಿಲ್ಲ. ಮನೆಯಿಂದ ಆಸ್ಪತ್ರೆಗೆ, ಆಸ್ಪತ್ರೆಯಿಂದ ಮನೆಗೆ ಅಷ್ಟೇ ಓಡಿಸುವುದಕ್ಕೆ ಇಷ್ಟು ಜಗಳ ಬೇಕಿತ್ತೇ ಎಂದು ಮನಸ್ಸಿಗೆ ಬಂದಿತ್ತು. ತಳೇಗಾಂವ ದಾಟಿ, ದಾರಿಬದಿಯ ಒಂದು ಚಹಾದ ಅಂಗಡಿ ಕಂಡಾಗ ಎಡಕ್ಕೆ ತೆಗೆದುಕೊಂಡರು. ಬಿಸಿಲಿಗೆ ಮೂಗು ಮಾಡಿ ಗಾಡಿ ನಿಲ್ಲಿಸಿ, ಸ್ವಲ್ಪ ಹೊತ್ತು ಎಂಜಿನ್ನಿನ ಸದ್ದು ಕೇಳಿ, ಕೀಲಿ ತಿರುವಿ ಬಂದ್ ಮಾಡಿದರು. ಬಂದ್ ಆದಾಗ ಎಲ್ಲ ಎಷ್ಟು ನಿಶ್ಶಬ್ದವಾಯಿತೆಂದರೆ ಆಚೆಯ ಹೊಲದಲ್ಲಿ ಕಬ್ಬು ಕಡಿಯುವ ಸದ್ದು ಕೇಳಿಸಿತು. ಬಿಂದುಮಾಧವರು ಗ್ಲಾಸನ್ನು ಎಡಗೈಯಲ್ಲಿ ತಾವೇ ಹಿಡಿದು ಕುಡಿದರು. ಅಂಗಿಯ ಮೇಲೆ ಚೆಲ್ಲಿಕೊಂಡರು. ರಂಗೂಬಾಯಿ ಒರೆಸಲು ಹೋಗಲಿಲ್ಲ. ಅವರು ಕುಡಿದು ಮುಗಿಸುವವರೆಗೆ ರಸ್ತೆ ನೋಡುತ್ತ ಕೂತರು.

ಬಿಂದುಮಾಧವರ ಬಲಗೈ ಪೂರಾ ಮರಳಲಿಲ್ಲ. ಆ ಬೇಸಿಗೆಗೆ ಕೋಲು ಹಿಡಿದು ನಡೆಯುವಷ್ಟಾದರು. ಮಾತುಗಳು ಒಂದೊಂದೇ, ಹೇಗೋ ಹಾಗೆ, ಬಂದವು. ಕೆಲವು ಇನ್ನೂ ಬಂದಿಲ್ಲ. ಗಾಡಿಯೂ ಪೂರಾ ಮಾತು ಕೇಳುವುದಿಲ್ಲ. ಮರುವರ್ಷದ ಚಳಿಗಾಲದಲ್ಲಿ ಎರಡು ಸಲ ರಂಗೂಬಾಯಿ ಸೋತರು. ಅಂಥ ದಿನ ಆಸ್ಪತ್ರೆಗೆ ಫೋನ್ ಮಾಡಿ, ಇವತ್ತು ಬರುವುದಿಲ್ಲ, ನಾಳೆ ಬರುತ್ತೇವೆ ಎಂದು ಹೇಳಿ, ಬ್ಯಾಟರಿ ಬಿಚ್ಚಿ ಒಳಗೆ ತಂದರು.

ಕಳೆದ ವಾರ ಅನುಜಾ ಮತ್ತೆ ಫೋನಿನಲ್ಲಿ ಒಂದು ಸಣ್ಣ ಗಾಡಿಯ ಚಿತ್ರ ತೋರಿಸಿದಳು. ರಂಗೂಬಾಯಿ ಕನ್ನಡಕ ಹಾಕಿಕೊಂಡು ನೋಡಿದರು. "ಛಲೋ ಅದ. ನೀ ತಗೋ," ಅಂದು, ನಾಳೆಯ ಬೆಳಿಗ್ಗೆಗೆ ರೇಡಿಯೇಟರ್ ಬಸಿಯಲು ಬಕೆಟ್ಟು ಹಿಡಿದು ಹೊರಗೆ ಹೋದರು.